ನೋಡೂಣ ಎಂದರೆ ಒಪ್ಪಿಗೆಯಂತೆ

ನಮ್ಮ ಕಚೇರಿಗೆ ಹೊಸದಾಗಿ ಸೇರಿದವರಿಗೆ ತರಬೇತಿಯಲ್ಲಿ ಒಂದು ಚಿತ್ರ ತೋರಿಸುತ್ತಾರೆ. ಕೆಳಗಡೆ ‘ಜನತೆ’ ಎಂದು ಬರೆದ ಒಂದು ಚೌಕ. ಅಲ್ಲಿಂದ ಬಾಣವೊಂದು ಹೊರಟು ಸಂಸತ್ತಿಗೆ ಹೋಗುತ್ತದೆ, ಸಂಸತ್ತಿನಿಂದ ಮಂತ್ರಾಲಯಕ್ಕೆ, ಮಂತ್ರಾಲಯದಿಂದ ನಮ್ಮ ಕಚೇರಿಗೆ, ಅಲ್ಲಿಂದ ಸಮುದ್ರ ಹಾರಿ ಅನೇಕ ದೇಶಗಳು ಸೇರಿ ಮಾಡಿಕೊಂಡ ಒಂದು ದೊಡ್ಡ ಸಮಿತಿಗೆ. ಆ ಸಮಿತಿಯಿಂದ ಇನ್ನೊಂದು ಬಾಣ ನೆಟ್ಟಗೆ ಕೆಳಗಿಳಿದು ಜನತೆಯ ಚೌಕಕ್ಕೆ ಬಂದು ಚುಚ್ಚಿಕೊಳ್ಳುತ್ತದೆ. ಬರೆದವರ ಉದ್ದೇಶ ಅದಾಗಿರಲಿಕ್ಕಿಲ್ಲ, ಆದರೆ ಇಷ್ಟು ಸತ್ಯವಾದ ಚಿತ್ರವನ್ನು ನಾನು ಸರಕಾರಿ ಕಚೇರಿಯಲ್ಲಿ ಬೇರೆ ನೋಡಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ನನ್ನನ್ನೂ ಆ ತರಬೇತಿಗೆ ‘ಅನುಭವಿ’ ಎಂದು ಕರೆದಿದ್ದರು. ಊಟಕ್ಕೆ ಸ್ವಲ್ಪ ಮುಂಚೆ ಮಾತಾಡಲು ಬಿಟ್ಟರು. ಹಸಿದ ಹುಡುಗ ಹುಡುಗಿಯರು ನನ್ನ ತಲೆಯ ಮೇಲಿನಿಂದ ಊಟದ ಕೋಣೆಯ ಬಾಗಿಲನ್ನೇ ನೋಡುತ್ತಿದ್ದರು. ಕರುಣೆ ಬಂದು ಮಾತು ಮೊಟಕು ಮಾಡಿದೆ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಊಟ ಮಾಡಿಕೊಂಡು ಬಂದು ಓದಿ.

ನನ್ನ ಕೆಲಸ ಇಷ್ಟು. ಪುಣೆ ಮತ್ತು ಸುತ್ತಮುತ್ತಲಿನಿಂದ ಪರದೇಶಕ್ಕೆ ಹೋಗುವ ಕಾರಪುಡಿ, ಅರಿಶಿಣ, ಉಪ್ಪಿನಕಾಯಿ, ಹಪ್ಪಳ ಮುಂತಾದವನ್ನು ಪರೀಕ್ಷೆ ಮಾಡಿಸಿ, ಇದನ್ನು ತಿನ್ನಬಹುದು ಎಂದು ಕೇಂದ್ರ ಸರಕಾರದ ಪರವಾಗಿ ಮುದ್ರೆ ಒತ್ತುವುದು. ವಿಜಯಪುರದ ಕಡೆಯವನಾದ ನಾನು ಈ ನೌಕರಿ ಹಿಡಿದು ಪುಣೆಗೆ ಬಂದು, ಕೋಥರೂಡದಲ್ಲಿ ಮನೆ ಮಾಡಿ, ಮರಾಠಿಯಲ್ಲಿ ಜಗಳವಾಡುವಷ್ಟು ಪುಣೇಕರನಾದೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಬೇಕಾದಾಗ ಅವು ಬರಲಿಲ್ಲ, ಬಂದಾಗ ಬೇಕಾಗಿರಲಿಲ್ಲ.

ನಾವು ಸಂಪೂರ್ಣ ಸಾರ್ವಭೌಮರಾಗಿದ್ದ ಕಾಲದಿಂದ ಶುರು ಮಾಡುತ್ತೇನೆ. ಆಗ ಕಾರಪುಡಿ ಹೇಗಿರಬೇಕೆಂದು ನಮಗೆ ಹೇಳುವ ಪರದೇಶದವನು ಯಾರೂ ಇರಲಿಲ್ಲ. ಇಲ್ಲಿನ ಪೇಟೆಗೆ ಹೋಗುವ ಮಾಲಿಗೂ ನಮ್ಮದೇ ಮುದ್ರೆ ಇತ್ತು. ನನ್ನ ಮೊದಲ ಮೇಲಧಿಕಾರಿ ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ಉಜ್ಜಿ, ಮೂಸಿ, ಕಣ್ಣು ಮುಚ್ಚಿ, “ಉತ್ತಮ” ಎನ್ನುತ್ತಿದ್ದರು. ಕಣ್ಣು ಮುಚ್ಚುವುದು ಆ ಪರೀಕ್ಷೆಯ ಮುಖ್ಯ ಭಾಗ. ಕಾರಪುಡಿಯನ್ನು ನೀರಿಗೆ ಹಾಕಿದರೆ ಅದರಲ್ಲಿ ಬೆರೆಸಿದ ಇಟ್ಟಿಗೆ ಪುಡಿ ತಳಕ್ಕೆ ಕೂರುತ್ತದೆಂದು ಶಾಲೆಯ ಮಕ್ಕಳಿಗೂ ಗೊತ್ತಿತ್ತು. ಆದ್ದರಿಂದ ನಮ್ಮ ಪರೀಕ್ಷೆಯ ಕೋಣೆಯಲ್ಲಿ ನೀರಿನ ಲೋಟ ಇಡುತ್ತಿರಲಿಲ್ಲ. ಏನೇ ಆಗಲಿ, ಅದು ನಮ್ಮ ನೆಲದ ಮಣ್ಣು, ನಮ್ಮ ಭಟ್ಟಿಯಲ್ಲಿ ಸುಟ್ಟ ಇಟ್ಟಿಗೆ. ಯಾವ ಪರಕೀಯನ ಅಪ್ಪಣೆಯೂ ಇಲ್ಲದೆ ನಮ್ಮ ಜನ ಅದನ್ನು ಸ್ವತಂತ್ರವಾಗಿ ತಿಂದರು.

ಆಮೇಲೆ ದೊಡ್ಡ ಸಮಿತಿಯ ನಿಯಮಗಳು ಬಂದವು. ಅವುಗಳ ಹಿಂದೆಯೇ ಯಂತ್ರಗಳು ಬಂದವು. ಯಂತ್ರಕ್ಕೆ ಕಣ್ಣೇ ಇಲ್ಲವಾದ್ದರಿಂದ ಮುಚ್ಚುವ ಪ್ರಶ್ನೆಯೂ ಇರಲಿಲ್ಲ. ವ್ಯಾಪಾರಿಗಳು ಬಂದು ಮೇಜು ಗುದ್ದಿ ದೇಶದ ಮಾನ ಹೋಯಿತೆಂದರು. ಆದರೆ ಇಟ್ಟಿಗೆ ಪುಡಿಯೂ ಹೋಯಿತು. ಚಹಾ ಕುಡಿಯುತ್ತ “ಇವರು ಯಾರ್ರೀ ನಮಗೆ ಹೇಳೋರು?” ಎಂದು ಕೂಗಾಡುವ ಹೊಸಬರು ಇದನ್ನು ಮರೆಯಬಾರದು. ಹೊರಗಿನವರು ಹೇಳುವತನಕ ನಾವು ನಮ್ಮವರಿಗೇ ಇಟ್ಟಿಗೆ ತಿನ್ನಿಸುತ್ತಿದ್ದೆವು. ಸಮಿತಿ ಕೆಟ್ಟದ್ದೆಂದು ನಾನು ಎಂದೂ ಹೇಳಿದವನಲ್ಲ. ನನ್ನ ತಕರಾರು ಬೇರೆ, ಅದು ಮುಂದೆ ಬರುತ್ತದೆ.

ಒಮ್ಮೆ ಸಮಿತಿಯ ಕಡೆಯ ಇಬ್ಬರು ತಜ್ಞರು ಅರಿಶಿಣ ನೋಡಲು ಬಂದರು. ನಮ್ಮ ಮುಖ್ಯಸ್ಥರಾಗಿದ್ದ ಬಾಪಟ ಸಾಹೇಬರಿಗೆ ಅತಿಥಿ ಸತ್ಕಾರದ ಹುಕಿ ಹೆಚ್ಚು. ಅರಿಶಿಣ ತಾನೇ, ನೋಡಲಿ ಎಂದು ಅವರನ್ನು ಜೇಜುರಿಯ ಖಂಡೋಬನ ಗುಡಿಗೆ ಕರೆದುಕೊಂಡು ಹೋದರು. ಮೆಟ್ಟಿಲು ಹತ್ತುವಷ್ಟರಲ್ಲಿ ಭಕ್ತರು ಹಿಡಿ ಹಿಡಿಯಾಗಿ ಭಂಡಾರದ ಅರಿಶಿಣ ತೂರಿದ್ದೇ ತೂರಿದ್ದು. ತಜ್ಞರ ಕೂದಲು, ಕನ್ನಡಕ, ಕೋಟು ಎಲ್ಲ ಹಳದಿ. ಒಬ್ಬ ಕಣ್ಣು ಒರೆಸಿಕೊಳ್ಳುತ್ತ, ಇದು ಯಾವ ದರ್ಜೆಯದು ಎಂದು ಕೇಳಿದ. ಬಾಪಟರು ಮುಗುಳ್ನಕ್ಕು, “ಎಕ್ಸ್‌ಪೋರ್ಟ್ ಕ್ವಾಲಿಟಿ” ಎಂದುಬಿಟ್ಟರು. ಮುಂದೆ ನಿಯಮದ ಕರಡು ಬಂದಾಗ ಅದರಲ್ಲಿ ಒಂದು ಸಾಲು ಹೆಚ್ಚಾಗಿತ್ತು. ತೂರುವ ಉದ್ದೇಶದ ಅರಿಶಿಣಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ನಾವು ಕಚೇರಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗ ಯೋಚಿಸಿದರೆ ನಗು ಬರುವುದಿಲ್ಲ. ನಿಯಮ ಮಾಡುವವರು ಖುದ್ದಾಗಿ ಬಂದು ಕಣ್ಣಿಗೆ ಹಾಕಿಸಿಕೊಂಡು ಹೋದದ್ದರಿಂದ ಖಂಡೋಬನಿಗೆ ವಿನಾಯಿತಿ ಸಿಕ್ಕಿತು. ಉಳಿದ ಯಾರಿಗೂ ಅಂಥ ಭಾಗ್ಯ ಸಿಗಲಿಲ್ಲ.

ಇನ್ನು ಬಾಪಟ ಸಾಹೇಬರ ಮಾತು. ಪೇಠೆಯ ಹಳೆಯ ಮನೆತನದವರು, ಸಜ್ಜನರು, ಯಾರಿಂದಲೂ ಒಂದು ಕಪ್ ಚಹಾ ಮುಟ್ಟಿದವರಲ್ಲ. ಅವರಿಗಿದ್ದದ್ದು ಒಂದೇ ದೋಷ. ಯಾರಿಗೂ ಬಾಯಿ ಬಿಟ್ಟು ‘ಇಲ್ಲ’ ಅನ್ನುತ್ತಿರಲಿಲ್ಲ. ‘ಬಘೂ’ ಅನ್ನುತ್ತಿದ್ದರು. ಮರಾಠಿಯ ಬಘೂ ನಮ್ಮ ಕಡೆಯ ‘ನೋಡೂಣ’ದ ಖಾಸಾ ತಮ್ಮ. ಎರಡರ ಅರ್ಥವೂ ‘ನೋಡೋಣ’ ಎಂದು ನಿಘಂಟಿನಲ್ಲಿ ಇದ್ದೀತು. ಬದುಕಿನಲ್ಲಿ ಹಾಗಿಲ್ಲ. ನಮ್ಮ ಕಡೆ ವರನ ಮನೆಯವರು ಹುಡುಗಿಯನ್ನು ನೋಡಿ, ಅವಲಕ್ಕಿ ತಿಂದು, ಏಳುವಾಗ “ನೋಡೂಣ್ರಿ” ಅಂದರೆ, ಹುಡುಗಿಯ ಅಪ್ಪ ಮರುದಿನವೇ ಬೇರೆ ವರನನ್ನು ಹುಡುಕಲು ಹೊರಡುತ್ತಾನೆ. ಯಾರ ಮನಸ್ಸಿಗೂ ನೋವಾಗದಂತೆ ಕತ್ತು ಕೊಯ್ಯುವ ಮಾತು ಅದು. ಬಾಪಟರು ರಜೆ ಕೇಳಿದ ಗುಮಾಸ್ತನಿಗೆ ಬಘೂ ಅಂದರೆ ಅವನು ಮನೆಗೆ ಫೋನು ಮಾಡಿ, ಊರಿಗೆ ಬರುವುದಾಗುವುದಿಲ್ಲ ಎಂದು ಹೇಳಿಬಿಡುತ್ತಿದ್ದ. ನಮ್ಮ ಕಚೇರಿ ಈ ಒಂದು ಮಾತಿನ ಮೇಲೆ ಬಹಳ ಸಲೀಸಾಗಿ ನಡೆಯಿತು.

ನೀಲಕ್ಕ ನನ್ನ ಮೇಜಿನ ಮುಂದೆ ಬಂದು ನಿಂತದ್ದು ಇದೇ ಕಾಲದಲ್ಲಿ. ನಮ್ಮ ಕಡೆಯ ಹೆಂಗಸು. ಗಂಡ ಮಾರ್ಕೆಟ್ ಯಾರ್ಡಿನ ಕಾಳಿನ ಅಂಗಡಿಯಲ್ಲಿ ಗುಮಾಸ್ತ, ಮನೆ ಬಿಬವೇವಾಡಿಯಲ್ಲಿ. ಮನೆಯಲ್ಲೇ ಶೇಂಗಾ ಚಟ್ನಿ ಕುಟ್ಟಿ ನೆರೆಹೊರೆಗೆ ಮಾರಲು ಶುರು ಮಾಡಿದವರು, ಆಮೇಲೆ ಒಂದು ಶೆಡ್ಡು ಹಿಡಿದು ಓಣಿಯ ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದರು. ಹುರಿದ ಶೇಂಗಾ, ಕಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಇಷ್ಟೇ. ಆದರೆ ಬೀಸಬಾರದು, ಕುಟ್ಟಬೇಕು. ಕುಟ್ಟಿದರೆ ಶೇಂಗಾ ತನ್ನ ಎಣ್ಣೆ ತಾನೇ ಬಿಟ್ಟು ಮುದ್ದೆಯಾಗುತ್ತದೆ. ಪರದೇಶದಲ್ಲಿ ಅಂಗಡಿ ಇಟ್ಟ ನಮ್ಮವನೊಬ್ಬ ಅದನ್ನು ತಿಂದು ಊರು ನೆನಪಾಗಿ, ತನ್ನ ಅಂಗಡಿಗೆ ಕಳಿಸುವಂತೆ ಕೇಳಿದ್ದ. ಅದಕ್ಕೆ ನನ್ನ ಮುದ್ರೆ ಬೇಕಾಗಿತ್ತು.

“ಸಾಹೇಬ್ರ, ನಮ್ಮ ಚಟ್ನಿ ವಿಮಾನ ಹತ್ತತದಂತ್ರಿ. ನಾನ ಇನ್ನೂ ಹತ್ತಿಲ್ಲ,” ಎಂದು ನಕ್ಕಿದ್ದರು.

ಪರೀಕ್ಷೆಯಲ್ಲಿ ಚಟ್ನಿ ಪಾಸಾಯಿತು. ಸಮಿತಿಯ ನಿಯಮಗಳ ಪ್ರಕಾರ ಶೆಡ್ಡಿನ ನೆಲಕ್ಕೆ ಫರಸಿ ಕಲ್ಲು ಹಾಕಿಸಿದರು, ಹೆಂಗಸರ ತಲೆಗೆ ಟೊಪ್ಪಿಗೆ ಬಂತು. ನೀಲಕ್ಕ ಗೊಣಗಲಿಲ್ಲ, ಬದಲಿಗೆ “ಚಲೋ ಆತ್ರಿ, ಕೂದಲ ಬೀಳೂದು ನಿಂತು” ಎಂದರು. ಪರದೇಶದ ಬೇಡಿಕೆ ಬೆಳೆದು ಎರಡನೆಯ ಶೆಡ್ಡೂ ಬಂತು. ಅಲ್ಲಿ ಪರದೇಶದ ಚಟ್ನಿ ಮಾತ್ರ. ಗಂಡ ಬಿಟ್ಟವರು, ಗಂಡ ಕುಡಿಯುವವರು, ಮಕ್ಕಳ ಶಾಲೆಯ ಖರ್ಚು ತಲೆಯ ಮೇಲಿದ್ದವರು, ಹೀಗೆ ಓಣಿಯ ಅರ್ಧ ಹೆಂಗಸರು ಆ ಶೆಡ್ಡಿನಲ್ಲಿದ್ದರು. ತಪಾಸಣೆಗೆ ಹೋದಾಗ ಆ ಕುಟ್ಟುವ ಸದ್ದಿನ ನಡುವೆ ಅವರು ನಗುತ್ತ ಮಾತಾಡಿಕೊಳ್ಳುವುದನ್ನು ಕೇಳಿ ನನಗೆ ನಿಜವಾಗಿಯೂ ಖುಷಿಯಾಗುತ್ತಿತ್ತು. ಮುದ್ರೆ ಒತ್ತುವವನಿಗೆ ಅಂಥ ಖುಷಿ ಅಪರೂಪ.

ಅಷ್ಟರಲ್ಲಿ ದೊಡ್ಡ ಸಮಿತಿಗೆ ಚಟ್ನಿಯ ನೆನಪಾಯಿತು. ಪ್ರಪಂಚದಲ್ಲಿ ಚಟ್ನಿ ಎಂದರೆ ಏನೆಂಬುದು ಇನ್ನೂ ಇತ್ಯರ್ಥವಾಗಿಲ್ಲ ಎಂದು ಅವರಿಗೆ ಯಾರೋ ಹೇಳಿರಬೇಕು. ಕರಡು ನಮ್ಮ ಕಚೇರಿಗೆ ಬಂತು. ಚಟ್ನಿ ಎಂದರೆ ಹಣ್ಣು ಅಥವಾ ತರಕಾರಿಯನ್ನು ಸಕ್ಕರೆ ಮತ್ತು ಹುಳಿಯೊಂದಿಗೆ ಬೇಯಿಸಿ ಮಾಡಿದ, ಹರಿಯುವ ಗುಣವುಳ್ಳ ಪದಾರ್ಥ ಎಂದಿತ್ತು. ಇದರ ಮೇಲೆ ಸ್ಥಳೀಯರ ಅಭಿಪ್ರಾಯ ಪಡೆದು ಕಳಿಸಬೇಕೆಂದು ಮಂತ್ರಾಲಯದ ಆಜ್ಞೆ. ಚಿತ್ರದಲ್ಲಿ ಜನತೆಯಿಂದ ಮೇಲಕ್ಕೆ ಹೋಗುವ ಬಾಣ ಅಂದೆನಲ್ಲ, ಅದು ಇದೇ.

ಬಾಪಟರ ಅಧ್ಯಕ್ಷತೆಯಲ್ಲಿ ಸಭೆ ಕರೆದೆವು. ನೀಲಕ್ಕ ಬಂದರು. ಕೋಥರೂಡದಲ್ಲಿ ಹೋಟೆಲು ನಡೆಸುವ, ಉಡುಪಿ ಕಡೆಯ ಕರುಣಾಕರ ಶೆಟ್ಟರು ಬಂದರು. ಇನ್ನೂ ಕೆಲವರು ಚಹಾಕ್ಕೆ ಬಂದಿದ್ದರು. ನಾನು ಕರಡನ್ನು ಓದಿ ಹೇಳಿದೆ.

“ಸಕ್ಕರೆಯಾ? ಚಟ್ನಿಗೆ ಸಕ್ಕರೆ ಹಾಕುವವನನ್ನು ನಾನು ಅಡಿಗೆಮನೆಯೊಳಗೆ ಬಿಡುದಿಲ್ಲ ಮಾರಾಯ್ರೆ,” ಎಂದರು ಶೆಟ್ಟರು. “ಆದ್ರೆ ಚಟ್ನಿ ಅಂದ್ರೆ ಹರೀಬೇಕು ಅಂತ ಹೇಳಿದ್ದಾರಲ್ಲ, ಅದು ಸರಿ ಉಂಟು.”

“ಯಾಕ ಹರೀಬೇಕ್ರಿ?” ಎಂದರು ನೀಲಕ್ಕ. “ನಮ್ಮದು ಹರಿಯೂದಿಲ್ಲ.”

“ನಿಮ್ಮದು ಚಟ್ನಿಪುಡಿ ಅಲ್ವಾ ಅಕ್ಕ? ಚಟ್ನಿ ಬೇರೆ, ಚಟ್ನಿಪುಡಿ ಬೇರೆ.”

“ಪುಡಿ ಅಂದ್ರ ಭಸ್ಮ ಏನ್ರಿ ಹಚ್ಕೊಳ್ಳಾಕ? ರೊಟ್ಟಿ ಮ್ಯಾಲ ಇಟ್ಕೊಂಡು ಎಣ್ಣಿ ಹಾಕ್ಕೊಂಡು ತಿಂದ್ರ ಅದು ಚಟ್ನಿ. ನಿಮ್ಮದು ಹರೀತದಲ್ಲ, ಅದಕ್ಕ ನಾವು ಸಾರು ಅಂತೀವಿ.”

“ಸಾರಾ! ನಮ್ಮ ತೆಂಗಿನಕಾಯಿ ಚಟ್ನಿಗೆ ಸಾರು ಅಂತೀರಾ?”

ಮುಂದಿನದನ್ನು ಬರೆಯುವುದು ಬೇಡ. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ನಮ್ಮ ಸಭೆಯಲ್ಲಿ ಹಾವು ಚಹಾ ಕುಡಿದು, ಬಿಸ್ಕೀಟು ತಿಂದು ಎದ್ದು ಹೋಯಿತು. ಚಟ್ನಿಗೆ ಸಕ್ಕರೆ ಹಾಕಿ ಬೇಯಿಸುವ ಪ್ರಪಂಚದ ಎದುರು ಇಬ್ಬರೂ ಒಂದಾಗಿ ನಿಲ್ಲಬೇಕಾಗಿತ್ತು. ಅದನ್ನು ಬಿಟ್ಟು ಕನ್ನಡದ ಎರಡು ಚಟ್ನಿಗಳು ಒಂದರ ಮೇಲೊಂದು ಬಿದ್ದು ಹೊರಳಾಡಿದವು. ಕೊನೆಗೆ ನೀಲಕ್ಕ ಎದ್ದು, “ಸಾಹೇಬ್ರ, ಒಣ ಚಟ್ನೀನೂ ಚಟ್ನಿನ ಅಂತ ಬರೀರಿ,” ಎಂದರು. ಶೆಟ್ಟರು, “ಬರೆಯುದಾದ್ರೆ ಚಟ್ನಿಪುಡಿ ಅಂತ ಬೇರೆಯೇ ಬರೀರಿ,” ಎಂದರು. ಬಾಪಟರು ಇಬ್ಬರಿಗೂ ಒಂದೇ ನಗು ಹಂಚಿ, “ಬಘೂ, ಬಘೂ” ಎಂದು ಸಭೆ ಮುಗಿಸಿದರು.

ಹೊರಗೆ ಬಂದು ನೀಲಕ್ಕ ನನ್ನನ್ನು ಕೇಳಿದರು. “ಸಾಹೇಬ್ರು ಒಲ್ಲೆ ಅಂದ್ರಲ್ರಿ? ಯಾರಿಗಿ ಒಲ್ಲೆ ಅಂದ್ರು, ನನಗೋ ಶೆಟ್ರಿಗೋ?”

“ಇಬ್ಬರಿಗೂ ಇರಬೇಕ್ರಿ,” ಎಂದೆ. ಅಭಿಪ್ರಾಯಗಳು ಒಂದಾಗದ ಕಾರಣ ಪುಣೆಯಿಂದ ಯಾವ ಅಭಿಪ್ರಾಯವೂ ಇಲ್ಲ ಎಂದು ಬಾಪಟರು ಮೇಲಕ್ಕೆ ತಿಳಿಸಿದರು.

ಸಮಿತಿಯ ದೊಡ್ಡ ಸಭೆ ಪರದೇಶದಲ್ಲಿ ನಡೆಯಿತು. ಮಂತ್ರಾಲಯ ಅದಕ್ಕೆ ಬಾಪಟರನ್ನೇ ಕಳಿಸಿತು. ಬರುವಾಗ ನಮಗೆಲ್ಲ ಚಾಕೊಲೇಟು ತಂದಿದ್ದರು, ಮುಖದಲ್ಲಿ ಯುದ್ಧ ಗೆದ್ದ ಕಳೆಯಿತ್ತು. ಚಟ್ನಿಯ ವಿಷಯ ಬಂದಾಗ ಅಧ್ಯಕ್ಷೆ ಭಾರತದ ಕಡೆ ತಿರುಗಿ, ನಿಮ್ಮದೇನಾದರೂ ತಕರಾರಿದೆಯೇ ಎಂದು ಕೇಳಿದರಂತೆ. ಬಾಪಟರು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಗಂಭೀರವಾಗಿ, “ವಿ ವಿಲ್ ಸೀ” ಎಂದರಂತೆ.

“ಸಕ್ಕರೆ ಹಾಕಿದ ಚಟ್ನಿಯನ್ನು ನಾನು ಒಪ್ಪಲಿಲ್ಲ, ಜಾಲಿಹಾಳ,” ಎಂದು ನನ್ನ ಬೆನ್ನು ತಟ್ಟಿದರು. “ಮುಖದ ಮೇಲೆ ಹೇಳಿ ಬಂದೆ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಪುಣೆಯಿಂದ ವಿಜಯಪುರದವರೆಗೆ ಯಾವ ಊರಿನಲ್ಲಿ ಹೇಳಿದ್ದರೂ ಅದು ಖಡಾಖಂಡಿತ ನಿರಾಕರಣೆಯೇ. ಆದರೆ ಆ ಸಭೆಯ ರೂಢಿ ಬೇರೆ. ಅಲ್ಲಿ ಕೈ ಎತ್ತಿ ವೋಟು ಹಾಕುವುದಿಲ್ಲ. ‘ಬೇಡ’ ಎಂಬ ಮಾತು ಸ್ಪಷ್ಟವಾಗಿ ಯಾರ ಬಾಯಿಂದಲೂ ಬರದಿದ್ದರೆ ಎಲ್ಲರೂ ಒಪ್ಪಿದಂತೆ. ಹೀಗೆ ನೂರು ಕೋಟಿ ಮೀರಿದ ಜನರ ದೇಶ ತನ್ನ ಚಟ್ನಿಯನ್ನು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಬಿಟ್ಟುಕೊಟ್ಟಿತು. ಕೊಟ್ಟವರಿಗೇ ಕೊಟ್ಟದ್ದು ಗೊತ್ತಿರಲಿಲ್ಲ.

ಗೊತ್ತಾದದ್ದು ನೀಲಕ್ಕನ ಮಾಲು ತಿರುಗಿ ಬಂದಾಗ. ಪರದೇಶದ ಕಸ್ಟಮ್ಸಿನವರು ಪಾಕೀಟಿನ ಮೇಲೆ ‘ಚಟ್ನಿ’ ಎಂದು ಓದಿದ್ದಾರೆ, ಒಳಗೆ ನೋಡಿದ್ದಾರೆ, ಹರಿದಿಲ್ಲ. ಹೆಸರು ಹೇಳಿ ಗಿರಾಕಿಗೆ ಮೋಸ ಮಾಡುವ ಮಾಲು ಎಂದು ವಾಪಸ್ಸು ಹಾಕಿದ್ದಾರೆ. ಹೊಸ ನಿಯಮದ ಪ್ರಕಾರ ನಾನೂ ಇನ್ನು ಅದಕ್ಕೆ ಚಟ್ನಿ ಎಂಬ ಹೆಸರಿನಲ್ಲಿ ಮುದ್ರೆ ಒತ್ತುವಂತಿರಲಿಲ್ಲ. ‘ಮಸಾಲೆ ಬೆರೆಸಿದ ಹುರಿದ ನೆಲಗಡಲೆ ಚೂರ್ಣ’ ಎಂಬರ್ಥದ ಇಂಗ್ಲಿಷ್ ಹೆಸರೊಂದನ್ನು ನಮ್ಮ ಕಚೇರಿಯೇ ದಯಪಾಲಿಸಿತು. ಕೇಳಿದರೆ ಹೊಟ್ಟೆನೋವಿಗೆ ಕೊಡುವ ಔಷಧ ಅನ್ನಿಸಬೇಕು, ಹಾಗಿತ್ತು. ಆ ಹೆಸರಿನ ಪಾಕೀಟನ್ನು ಯಾರೂ ಕೈಯಲ್ಲಿ ಹಿಡಿಯುವುದಿಲ್ಲ ಎಂದು ಅಲ್ಲಿನ ಅಂಗಡಿಯವನು ಹೇಳಿದ. ಎರಡನೆಯ ಶೆಡ್ಡು ನಿಂತಿದ್ದದ್ದು ಅವನೊಬ್ಬನ ಮೇಲೆ.

ನೀಲಕ್ಕ ಕಚೇರಿಗೆ ಬಂದು ಕುರ್ಚಿಯ ಮೇಲೆ ಕೂತರು. ಕೂಗಾಡಲಿಲ್ಲ.

“ಸಾಹೇಬ್ರ, ನಾ ಯಾರಿಗಿ ಬೈಬೇಕು? ಅದೊಂದು ಹೇಳಿಬಿಡ್ರಿ.”

ಇಡೀ ನೌಕರಿಯಲ್ಲಿ ನನ್ನನ್ನು ಇಷ್ಟು ಕಷ್ಟದ ಪ್ರಶ್ನೆ ಯಾರೂ ಕೇಳಿರಲಿಲ್ಲ. ತಿಳಿದುಕೊಂಡು ಹೇಳುತ್ತೇನೆ ಎಂದು ಮಾತು ಕೊಟ್ಟೆ, ಕೊಟ್ಟಮೇಲೆ ನಿಜವಾಗಿಯೂ ಹುಡುಕಿದೆ. ಪರದೇಶದ ಕಸ್ಟಮ್ಸಿನವರು, ನಾವು ಬರೀ ಸಮಿತಿಯ ವ್ಯಾಖ್ಯೆ ಪಾಲಿಸುವವರು ಎಂದರು. ಸಮಿತಿಯ ಕಚೇರಿ, ನಾವು ಬರೀ ಸಲಹೆ ಕೊಡುವವರು, ಪ್ರತಿ ದೇಶವೂ ಸಾರ್ವಭೌಮ, ನಿಮ್ಮ ದೇಶವೂ ಒಪ್ಪಿದೆ ಎಂದಿತು. ಮಂತ್ರಾಲಯದವರು, ಪುಣೆಯಿಂದ ಯಾವ ಅಭಿಪ್ರಾಯವೂ ಬಂದಿರಲಿಲ್ಲ, ಈಗ ಇಡೀ ಜಗತ್ತಿನ ಎದುರು ಒಂಟಿಯಾಗಿ ನಿಲ್ಲಲಾಗುತ್ತದೆಯೇ ಎಂದರು. ಬಾಪಟರು, ನಾನು ಬೇಡವೆಂದೇ ಹೇಳಿದ್ದೆ ಎಂದರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆಯಲ್ಲಿ ಒಂದು ಕೋತಿಯಾದರೂ ಇದೆ. ಇಲ್ಲಿ ಬರೀ ಮೇಕೆಗಳು, ಒಂದೊಂದೂ ಇನ್ನೊಂದರ ಬಾಯಿ ತೋರಿಸುತ್ತಿತ್ತು.

ಇದನ್ನೆಲ್ಲ ಕೇಳಿ ನೀಲಕ್ಕ ಅಂದರು. “ನಳಕ್ಕ ನೀರು ಬರಲಿಲ್ಲಂದ್ರ ನಾವು ಹೆಣ್ಮಕ್ಕಳೆಲ್ಲ ಖಾಲಿ ಕೊಡ ತಗೊಂಡು ನಗರಸೇವಕನ ಮನಿ ಮುಂದ ಹೋಗಿ ಬಡೀತಿದ್ವಿ. ಅವ ಬನಿಯನ್ ಮ್ಯಾಲ ಹೊರಗ ಓಡಿ ಬರ್ತಿದ್ದ. ಇದಕ್ಕ ಯಾರ ಬಾಗಲಾ ಬಡೀಬೇಕ್ರಿ? ಬಾಗಲಾನ ಇಲ್ಲಲ್ಲ?”

ಆ ವರ್ಷಗಳಲ್ಲಿ ಆ ಬಾಗಿಲೂ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಪಾಲಿಕೆಯ ಅವಧಿ ಮುಗಿದರೂ ಚುನಾವಣೆ ಆಗಿರಲಿಲ್ಲ. ವಾರ್ಡುಗಳಿಂದ ಆರಿಸಿ ಬಂದ ನಗರಸೇವಕರೆಲ್ಲ ಮಾಜಿಗಳಾಗಿ, ಸರಕಾರ ನೇಮಿಸಿದ ಒಬ್ಬ ಪ್ರಶಾಸಕರು ಇಡೀ ಪುಣೆಯನ್ನು ನಡೆಸುತ್ತಿದ್ದರು. ಜನರನ್ನು ಕೇಳದೆ ಜನರ ಕೆಲಸ ನಡೆಸುವ ವಿದ್ಯೆಯನ್ನು ನಾವು ಪರದೇಶದಿಂದ ಕಲಿಯಬೇಕಾಗಿರಲಿಲ್ಲ, ಮನೆಯಲ್ಲೇ ಇತ್ತು.

ಒಂದು ದಿನ ಸುದ್ದಿ ಬಂತು. ದೊಡ್ಡ ಸಮಿತಿಯ ಅಧ್ಯಕ್ಷೆ ಸ್ವತಃ ಪುಣೆಗೆ ಬರುತ್ತಾರೆ, ‘ನಿಯಮ ರಚನೆಯಲ್ಲಿ ಜನರ ಸಹಭಾಗಿತ್ವ’ ಎಂಬ ವಿಚಾರ ಸಂಕಿರಣವಿದೆ. ಸ್ಥಳ ಒಂದು ದೊಡ್ಡ ಹೋಟೆಲಿನ ಸಭಾಂಗಣ, ಅದರೊಳಗೆ ಜನ ಸುಲಭವಾಗಿ ಬರುವಂತಿರಲಿಲ್ಲ. ನಾನು ಹಟ ಹಿಡಿದು ನೀಲಕ್ಕನ ಹೆಸರನ್ನು ‘ಸಹಭಾಗಿ’ಗಳ ಸಾಲಿಗೆ ಸೇರಿಸಿದೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬರುತ್ತವೆಂದು ಅನುವಾದದ ಮೈಕು ನನ್ನ ಕೈಗೇ ಬಂತು.

ಮೊದಲಿಗೆ ಮಂತ್ರಾಲಯದಿಂದ ಬಂದವರು ಭಾಷಣ ಮಾಡಿದರು. ದೇಶದ ಸಾರ್ವಭೌಮತ್ವವನ್ನು ಒಂದಿಂಚೂ ಬಿಟ್ಟುಕೊಡುವುದಿಲ್ಲ ಎಂದರು. ಚಪ್ಪಾಳೆ ಬಿತ್ತು. ಚಟ್ನಿಯನ್ನು ಇಂಚಿನಲ್ಲಿ ಅಳೆಯುವುದಿಲ್ಲವಾದ್ದರಿಂದ ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ನೀಲಕ್ಕನ ಸರದಿ ಬಂದಾಗ ಅವರು ಸ್ಟೀಲಿನ ಡಬ್ಬಿ ಹಿಡಿದು ನೇರ ಅಧ್ಯಕ್ಷೆಯ ಮುಂದೆ ಹೋಗಿ, ಮುಚ್ಚಳ ತೆಗೆದು ಹಿಡಿದರು. ಅಧ್ಯಕ್ಷೆ ದೊಡ್ಡ ಮನಸ್ಸಿನ ಹೆಂಗಸು, ಹಿಂದೆ ಮುಂದೆ ನೋಡದೆ ಚಮಚದ ತುಂಬ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು, ನೀರು ಕುಡಿದರು, ಇನ್ನೊಂದು ಚಮಚ ತೆಗೆದುಕೊಂಡರು. ಬಹಳ ರುಚಿಯಾಗಿದೆ, ಇದಕ್ಕೆ ಏನೆಂದು ಹೆಸರು ಎಂದು ನನ್ನನ್ನು ಕೇಳಿದರು.

ಮೈಕಿನಲ್ಲಿ ನಾನು ‘ಚಟ್ನಿ’ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಆಮೇಲೆ ನೀಲಕ್ಕ ತಮ್ಮ ಶೆಡ್ಡಿನ ಕಥೆ ಹೇಳಿದರು, ನಾನು ಒಂದೊಂದೇ ಮಾತನ್ನು ಇಂಗ್ಲಿಷಿಗೆ ದಾಟಿಸಿದೆ. ಅಧ್ಯಕ್ಷೆ ಮರುಕದಿಂದ ತಲೆಯಾಡಿಸುತ್ತ ಕೇಳಿದರು. ಮೇಡಂ, ನಮ್ಮ ಸಮಿತಿಗೆ ಯಾರ ಮೇಲೂ ಅಧಿಕಾರವಿಲ್ಲ, ನಾವು ಯಾರನ್ನೂ ಒತ್ತಾಯ ಮಾಡುವುದಿಲ್ಲ, ಪ್ರತಿ ದೇಶವೂ ತನ್ನ ನಿರ್ಧಾರಕ್ಕೆ ಸ್ವತಂತ್ರ, ನಿಮ್ಮ ದೇಶವೂ ಸ್ವತಂತ್ರ, ಮಾಲು ತಿರುಗಿಸಿದ ದೇಶವೂ ಸ್ವತಂತ್ರ ಎಂದು ತಾಳ್ಮೆಯಿಂದ ವಿವರಿಸಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

“ಎಲ್ಲಾರೂ ಸ್ವತಂತ್ರ ಇದ್ದೀರಿ, ಭಾಳ ಚಲೋ ಆತು,” ಎಂದರು ನೀಲಕ್ಕ. “ಹಂಗಾರ ನನ್ನ ಕಟ್ಟಿ ಹಾಕಿದವ್ರು ಯಾರ್ರಿ?”

ಇದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅಧ್ಯಕ್ಷೆ ಬಾಪಟರನ್ನು ನೋಡಿದರು. ಬಾಪಟರು ಮಂತ್ರಾಲಯದವರನ್ನು ನೋಡಿದರು. ಮಂತ್ರಾಲಯದವರು ಕೈಗಡಿಯಾರ ನೋಡಿಕೊಂಡರು. ಕೊನೆಗೆ ಅಧ್ಯಕ್ಷೆ ಎದೆಯ ಮೇಲೆ ಕೈ ಇಟ್ಟು, ಇದನ್ನು ನಾವು ಖಂಡಿತ ನೋಡುತ್ತೇವೆ ಎಂದರು. ಆ ತಾಯಿ ಮನಸಾರೆ ಹೇಳಿದ್ದರು, ಅನುಮಾನವಿಲ್ಲ. ಅವರ ಭಾಷೆಯಲ್ಲಿ ಅದು ಮಾತು ಕೊಟ್ಟಂತೆ ಇದ್ದೀತು. ನಾನು ಮೈಕು ಹಿಡಿದು ನಿಂತೆ. ಆ ಮಾತಿಗೆ ನಮ್ಮ ಕಡೆ ಇರುವುದು ಒಂದೇ ಶಬ್ದ.

“ನೋಡೂಣ ಅಂತಾರ, ನೀಲಕ್ಕಾ.”

ನೀಲಕ್ಕ ನನ್ನ ಮುಖ ನೋಡಿದರು. “ಹಂಗಂದ್ರ ಆತ ಬಿಡ್ರಿ,” ಎಂದು ಡಬ್ಬಿಯ ಮುಚ್ಚಳ ಹಾಕಿಕೊಂಡು ತಮ್ಮ ಕುರ್ಚಿಗೆ ಹೋದರು. ಅಧ್ಯಕ್ಷೆಗೆ ಸಮಾಧಾನವಾಯಿತು, ಆಕೆ ಒಪ್ಪಿದರೆಂದು ತಿಳಿದರು. ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬೈಯಲು ಒಬ್ಬ ಕೆಟ್ಟ ಮನುಷ್ಯನಾದರೂ ಇದ್ದಿದ್ದರೆ ಇಳಿಯುತ್ತಿತ್ತೋ ಏನೋ. ಅಲ್ಲಿದ್ದವರೆಲ್ಲ ಒಳ್ಳೆಯವರೇ, ಅದೇ ಸಂಕಟ.

ಎರಡನೆಯ ಶೆಡ್ಡು ಮುಚ್ಚಿತು. ಅಲ್ಲಿ ಕುಟ್ಟುತ್ತಿದ್ದ ಹೆಂಗಸರು ಈಗ ಕೋಥರೂಡದ ಸೊಸೈಟಿಗಳಲ್ಲಿ ಪೋಳಿ-ಚಪಾತಿ ಮಾಡಲು, ಪಾತ್ರೆ ತಿಕ್ಕಲು ಬರುತ್ತಾರೆ. ಅವರಲ್ಲೊಬ್ಬಳು ನಮ್ಮ ಕಟ್ಟಡಕ್ಕೇ ಬರುತ್ತಾಳೆ. ಲಿಫ್ಟಿನಲ್ಲಿ ಸಿಕ್ಕಾಗ “ನಮಸ್ಕಾರ್ರಿ ಸಾಹೇಬ್ರ” ಎನ್ನುತ್ತಾಳೆ, ನಾನು ಕೆಳಗೆ ನೋಡುತ್ತೇನೆ. ಮೊದಲ ಶೆಡ್ಡು ಮಾತ್ರ ನಡೆದಿದೆ. ಶೆಟ್ಟರು ತಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನೀಲಕ್ಕನ ಪಾಕೀಟುಗಳನ್ನು ಇಟ್ಟು ಮಾರುತ್ತಾರೆ. ಚೆನ್ನಾಗಿ ಖರ್ಚಾಗುತ್ತವಂತೆ. ಆದರೆ ಮೇಲೆ ತೂಗುಹಾಕಿದ ಹಲಗೆಯ ಮೇಲೆ ತಾವೇ ಕೈಯಾರೆ ‘ಚಟ್ನಿಪುಡಿ’ ಎಂದು ಬರೆದಿದ್ದಾರೆ. ಆ ಮನುಷ್ಯ ಸತ್ತರೂ ಸೋಲುವವನಲ್ಲ.

ಈ ನೌಕರಿಗೆ ಬಂದವರಿಗೆ ನನ್ನದೊಂದೇ ಬುದ್ಧಿವಾದ. ನಿಮ್ಮನ್ನೂ ಒಂದು ದಿನ ಅಂಥ ಸಭೆಗೆ ಕಳಿಸುತ್ತಾರೆ. ಹೋಗುವ ಮುಂಚೆ ಕನ್ನಡಿಯ ಎದುರು ನಿಂತು ‘ಬೇಡ’ ಎಂದು ಹೇಳುವುದನ್ನು ರೂಢಿ ಮಾಡಿಕೊಳ್ಳಿ. ನಮ್ಮಂಥ ಮರ್ಯಾದಸ್ಥರ ನಾಲಿಗೆಗೆ ಅದು ಕಷ್ಟ. ಎದುರಿನವರ ಮನಸ್ಸು ನೋಯುತ್ತದೆ ಅನ್ನಿಸುತ್ತದೆ, ನೋಯಲಿ. ನೀವು ನಯವಾಗಿ ಮಾತಾಡಿದ್ದಕ್ಕೆ ಬಿಬವೇವಾಡಿಯಲ್ಲಿ ಯಾರೋ ಕೆಲಸ ಕಳೆದುಕೊಳ್ಳುತ್ತಾರೆ, ನಿಮಗೆ ಅದು ಗೊತ್ತೂ ಆಗುವುದಿಲ್ಲ.

ಕೊನೆಗೊಮ್ಮೆ ಪಾಲಿಕೆಗೆ ಚುನಾವಣೆ ಬಂತು. ನಾನು ಆಗ ನಿವೃತ್ತನಾಗಿದ್ದೆ. ಚಟ್ನಿ ತರಲು ನೀಲಕ್ಕನ ಶೆಡ್ಡಿಗೆ ಹೋಗಿದ್ದ ದಿನ ಓಣಿಯಲ್ಲಿ ಘೋಷಣೆ ಕೇಳಿಸಿತು. ಕೊಡದ ಸದ್ದಿಗೆ ಬನಿಯನ್ನಿನಲ್ಲಿ ಓಡಿ ಬರುತ್ತಿದ್ದ ಅದೇ ಮಾಜಿ ನಗರಸೇವಕ ಈಗ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೈ ಮುಗಿದುಕೊಂಡು ಬಾಗಿಲಿಗೆ ಬಂದ.

“ಮಾವಶಿ, ಲಕ್ಷ ಅಸೂ ದ್ಯಾ,” ಎಂದ, ಚಿಕ್ಕಮ್ಮಾ, ನಮ್ಮ ಮೇಲೆ ಗಮನವಿರಲಿ ಎಂದು.

ನೀಲಕ್ಕ ಕಾರದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನಗುಮುಖದಿಂದ, “ಬಘೂ” ಎಂದರು.

ಹಿಂದಿದ್ದ ಹುಡುಗರು ಜಯಕಾರ ಹಾಕುತ್ತ ಮುಂದಿನ ಮನೆಗೆ ಹೊರಟಿದ್ದರು. ಅವನು ಮಾತ್ರ ಹೊರಡಲಿಲ್ಲ. ಮುಖ ಸಪ್ಪಗಾಗಿತ್ತು. ಅವನು ಪುಣೆಯವನು, ಅವನಿಗೆ ಅರ್ಥವಾಗಿತ್ತು. ಅಂಗಿ ಹೊಲಸಾದೀತೆಂದು ನೋಡದೆ ಶೆಡ್ಡಿನ ಮೆಟ್ಟಿಲ ಮೇಲೆ ಕೂತು, “ಕಾಯ್ ಝಾಲಂ, ಮಾವಶಿ?” ಎಂದು ಕೇಳಿದ. ಏನಾಯಿತೆಂದು ನೀಲಕ್ಕ ಮರಾಠಿಯಲ್ಲಿ ಹೇಳುತ್ತ ಹೋದರು. ಗಟಾರ ಕಟ್ಟಿಕೊಂಡದ್ದು, ನಳದ ನೀರು, ಓಣಿಯ ದೀಪ, ಕೊನೆಗೆ ಚಟ್ನಿಯ ಕಥೆಯನ್ನೂ ಹೇಳಿದರು. ಚಟ್ನಿ ನನ್ನ ಕೈಯಲ್ಲಿಲ್ಲ ಮಾವಶಿ ಎಂದ. ಗೊತ್ತು, ಆದರೂ ಕೇಳು ಎಂದರು. ಅವನು ಪೂರ್ತಿ ಕೇಳಿದ.

ಮುಂದಿನ ಸಲ ಹೋದಾಗ ಗಟಾರ ಸ್ವಚ್ಛವಾಗಿತ್ತು. ಅವನು ಆಮೇಲೂ ಬಂದು, ಈಗಾದರೂ ವೋಟು ಹಾಕುತ್ತೀಯಾ ಎಂದು ಕೇಳಿದನಂತೆ. ನೀಲಕ್ಕ ಮತ್ತೆ ಬಘೂ ಅಂದರಂತೆ. ಅದಕ್ಕೆ ಓಣಿಯ ದೀಪವೂ ಹತ್ತಿತು. ಹೇಳುತ್ತ ಹೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಹೋಟೆಲಿನ ಸಭೆಯಾದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಚಟ್ನಿಯ ಪಾಕೀಟು ಚೀಲಕ್ಕೆ ಹಾಕಿಕೊಂಡು ಏಳುವಾಗ ಅವರು ನಗು ನಿಲ್ಲಿಸಿ ಕೇಳಿದರು.

“ಸಾಹೇಬ್ರ, ಅವತ್ತ ನಮ್ಮ ಚಟ್ನಿ ತಿಂದ್ರಲ್ಲ, ಆ ಮೇಡಮ್ಮಾರು. ಅವರ ಇಲೆಕ್ಷನ್ ಯಾವಾಗದರಿ?”